ಎರಡು ಮೊಣಕಾಲು, ಹದಿನಾಲ್ಕು ಕಂಪನಿ

ಮೊನ್ನೆ ಒಂದು ಮದುವೆಗೆಂದು ಕನಕಪುರದಿಂದ ಮಾಗಡಿಗೆ ಹೊರಟಿದ್ದೆ. ರಾಮನಗರದೊಳಗೆ ಬಸ್ಸು ಯಾವುದೋ ಓಣಿಯ ಬಾಯಲ್ಲಿ ನಿಂತುಕೊಂಡಾಗ ಆ ವಾಸನೆ ಬಂತು. ಗೂಡು ಬೇಯುವ ವಾಸನೆ. ರೇಷ್ಮೆ ಗೂಡನ್ನು ಕುದಿನೀರಿಗೆ ಹಾಕಿ ನೂಲೆಲ್ಲ ಎಳೆದುಕೊಂಡ ಮೇಲೆ ಒಳಗಿನ ಹುಳು ಉಳಿಯುತ್ತದಲ್ಲ, ಅದರ ವಾಸನೆ. ಪಕ್ಕದ ಸೀಟಿನಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ನಾನು ಕಿಟಕಿಯಾಚೆ ಮುಖ ಹಾಕಿ ಇನ್ನಷ್ಟು ಎಳೆದುಕೊಂಡೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಸ್ವಲ್ಪ ಸರಿದು ಕೂತರು. ಒಂದು ವರ್ಷ ಇದೇ ವಾಸನೆಯಲ್ಲಿ ಉಂಡು ಮಲಗಿದವಳು ನಾನು, ಹೇಳಿದರೆ ನಂಬುತ್ತಿದ್ದರೋ ಇಲ್ಲವೋ.

ಉಯ್ಯಂಬಳ್ಳಿಯ ಸ್ಕೂಲಿನಿಂದ ನನ್ನನ್ನು ರಾಮನಗರದ ಹೈಸ್ಕೂಲಿಗೆ ಗಣಿತದ ಟೀಚರಾಗಿ ಹಾಕಿದ ವರ್ಷ ಅದು. ಪುಟ್ಟಸ್ವಾಮಣ್ಣ ಮತ್ತು ಜಯಕ್ಕ ಎಂಬ ದಂಪತಿಯ ಮನೆಯ ಪಕ್ಕದ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಪುಟ್ಟಸ್ವಾಮಣ್ಣ ಬೈರಾಪಟ್ಟಣದವರು. ಮೂವತ್ತು ವರ್ಷ ಹುಳು ಸಾಕಿ, ಗೂಡು ಬಿಡಿಸಿ, ಮೂಟೆ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ತಂದು ಮಾರಿದವರು. ಜಯಕ್ಕ ರಾಮನಗರದಲ್ಲೇ ಹುಟ್ಟಿದವರು. ಅವರ ಅಪ್ಪ ಅದೇ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಸುತ್ತಿದ್ದ ರೀಲರ್. ಅಂದರೆ ಮಾರುವವನಿಗೂ ಕೊಳ್ಳುವವನ ಮಗಳಿಗೂ ಆದ ಮದುವೆ. "ಇವ್ರಪ್ಪ ನನ್ ಗೂಡ್ಗೆ ಯಾವತ್ತಾದ್ರೂ ನ್ಯಾಯವಾಗಿ ರೇಟ್ ಕೂಗಿದ್ರೆ ಕೇಳಿ ಮೇಡಂ" ಎಂದು ಪುಟ್ಟಸ್ವಾಮಣ್ಣ ಮೊದಲ ದಿನವೇ ನನ್ನನ್ನು ಪಂಚಾಯಿತಿಗೆ ಕರೆದಿದ್ದರು. "ನ್ಯಾಯವಾಗಿ ಗೂಡು ತಂದಿದ್ರೆ ಕೂಗೋರು" ಎಂದು ಒಳಗಿನಿಂದ ಉತ್ತರ ಬಂತು.

ಒಳಗಿನಿಂದ ಯಾಕೆ ಬಂತೆಂದರೆ ಜಯಕ್ಕನಿಗೆ ಅಷ್ಟು ಬೇಗ ಎದ್ದು ಹೊರಗೆ ಬರಲು ಆಗುತ್ತಿರಲಿಲ್ಲ. ಗೂಡು ಬೇಯಿಸಿ ನೂಲು ತೆಗೆಯುವ ಬೇಸಿನ್ ಮುಂದೆ ಇಪ್ಪತ್ತೈದು ವರ್ಷ ದುಡಿದ ಎರಡೂ ಮೊಣಕಾಲು ಸವೆದುಹೋಗಿದ್ದವು. ಹಿತ್ತಲಿನ ಬೇಸಿನ್‌ಗಳನ್ನು ಬೇರೆಯವರಿಗೆ ಬಾಡಿಗೆಗೆ ಬಿಟ್ಟು, ಬಚ್ಚಲಿಗೆ ಹೋಗುವುದಕ್ಕೂ ಗೋಡೆ ಹಿಡಿಯುತ್ತಿದ್ದರು. ಎರಡೂ ಮಂಡಿ ಬದಲಾಯಿಸಬೇಕು ಎಂದಿದ್ದ ಡಾಕ್ಟರು, ಮೊದಲು ಸಕ್ಕರೆ ಹತೋಟಿಗೆ ಬರಲಿ ಎಂದು ಒಂದು ವರ್ಷ ತಡೆಹಾಕಿದ್ದರು. ಗಂಡ ಹೆಂಡತಿ ಬೈರಾಪಟ್ಟಣದ ಒಂದು ಸೈಟು ಮಾರಿ ದುಡ್ಡು ಸಿದ್ಧ ಮಾಡಿಟ್ಟಿದ್ದರು. ವರ್ಷವಿಡೀ ದುಡ್ಡು ಸುಮ್ಮನೆ ಯಾಕೆ ಮಲಗಿರಬೇಕು ಎಂದು ಜಯಕ್ಕನ ತಂಗಿಯ ಮಗ ಮಹೇಶ, ಚನ್ನಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವವನು, ದೊಡ್ಡಪ್ಪನ ಫೋನಿನಲ್ಲಿ ಷೇರು ಖಾತೆ ತೆರೆದುಕೊಟ್ಟ. ಹದಿನಾಲ್ಕು ಕಂಪನಿಗಳಲ್ಲಿ ಎರಡು ಮೊಣಕಾಲಿನ ದುಡ್ಡು ಹೋಗಿ ಕೂತಿತು.

ಕೆಲವು ತಿಂಗಳು ಫೋನಿನಲ್ಲಿ ಎಲ್ಲವೂ ಏರಿಕೆಯ ಹಸಿರಾಗಿಯೇ ಇತ್ತಂತೆ. ಪುಟ್ಟಸ್ವಾಮಣ್ಣ ಅಂಗಡಿಯಲ್ಲಿ ಟೀ ಕುಡಿದರೆ ತಾವೇ ಕಾಸು ಕೊಡುತ್ತಿದ್ದರು, ಅದು ಆ ಓಣಿಗೇ ಹೊಸ ಸುದ್ದಿ. ಆಮೇಲೆ ಶಿವರಾತ್ರಿಯ ಹೊತ್ತಿಗೆ ಜಯಕ್ಕನ ಸಕ್ಕರೆ ಇಳಿಯಿತು. ಅದೇ ಹೊತ್ತಿಗೆ ಷೇರುಪೇಟೆಯೂ ಇಳಿಯಿತು. ಯುಗಾದಿ ಕಳೆದ ಮೇಲೆ ಯಾವಾಗ ಬೇಕಾದರೂ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ ವಾರವೇ ಪುಟ್ಟಸ್ವಾಮಣ್ಣನ ಫೋನು ಕೆಂಪಾಯಿತು.

ನಾನೂ ಅದೇ ಕೊಚ್ಚೆಯಲ್ಲಿ ಕಾಲಿಟ್ಟವಳೇ. ಆದರೆ ನಾನು ಗಣಿತದ ಟೀಚರಲ್ಲವೇ, ಬಿದ್ದಾಗ ಕೊಳ್ಳಬೇಕು ಎಂಬ ಜ್ಞಾನ ಇತ್ತು. ಸ್ವಲ್ಪ ಬಿತ್ತು, ಕೊಂಡೆ. ಇನ್ನೂ ಸ್ವಲ್ಪ ಬಿತ್ತು, ಸರಾಸರಿ ಇಳಿಯಲಿ ಎಂದು ಮತ್ತೆ ಕೊಂಡೆ. ಮೂರನೇ ಸಲ ಬಿದ್ದಾಗ ಕೈಯಲ್ಲಿ ಕಾಸಿರಲಿಲ್ಲ. ನಿಜವಾಗಿ ಕೊಳ್ಳಬೇಕಾಗಿದ್ದ ದಿನ ನಾನು ಸಂಬಳಕ್ಕೆ ಕಾಯುತ್ತ ಕೂತಿದ್ದೆ. ಇದನ್ನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಲಿಲ್ಲ, ಅವರಿಗೆ ನನ್ನ ಮೇಲೆ ಗೌರವವಿತ್ತು.

ಪುಟ್ಟಸ್ವಾಮಣ್ಣನ ಕಥೆಯೇ ಬೇರೆ. ಅವರು ಫೋನಿನಲ್ಲಿ ನೋಡುತ್ತಿದ್ದದ್ದು ಷೇರುಪೇಟೆಯನ್ನಲ್ಲ, ಗೂಡಿನ ಹರಾಜನ್ನು. ತಪ್ಪು ಅವರದೂ ಅಲ್ಲ. ಈಗ ಗೂಡಿನ ಹರಾಜೂ ಮೊಬೈಲಿನಲ್ಲೇ ನಡೆಯುತ್ತದೆ, ಪರದೆಯ ಮೇಲೆ ಲಾಟಿನ, ಅಂದರೆ ಒಬ್ಬ ರೈತ ತಂದ ಗೂಡಿನ ರಾಶಿಯ, ನಂಬರು, ಎದುರಿಗೆ ರೇಟು. ಷೇರಿನ ಪರದೆಯೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಬೆಳಗ್ಗೆ ಒಂಬತ್ತು ಕಾಲಿಗೆ ಪೇಟೆ ತೆರೆದ ಕೂಡಲೇ ಜಗಲಿಯಲ್ಲಿ ಕೂತು, ನಾನು ಸ್ಕೂಲಿಗೆ ಹೊರಡುವಾಗ ಕೇಳುತ್ತಿದ್ದರು.

"ಏನ್ ಮೇಡಂ, ಇವತ್ತು ನಮ್ ಲಾಟ್‌ಗೆ ಇಷ್ಟ್ ಕಮ್ಮಿ ಕೂಗವ್ರೆ?"

"ಅದು ನಿಮ್ಮ ಲಾಟು ಅಂತ ಇಲ್ಲ ಅಣ್ಣ. ದೇಶದವರಿಗೆಲ್ಲ ಅದೇ ರೇಟು."

"ಅದೆಂಗಾಯ್ತದೆ? ನನ್ ಮಾಲು ಬೇರೆ, ಅವ್ರ ಮಾಲು ಬೇರೆ. ಯಾರ್ ಕೂಗವ್ರೆ ಅಂತ ಗೊತ್ತಾಗಂಗಿಲ್ವ?"

ಯಾರೆಂದು ಗೊತ್ತಾಗಿದ್ದರೆ ಹೋಗಿ ಜಗಳ ಆಡಿಯೇ ಬರುತ್ತಿದ್ದರು, ಅನುಮಾನವಿಲ್ಲ.

ಗೂಡಿನ ಮಾರುಕಟ್ಟೆಯಲ್ಲಿ ರೈತನಿಗೆ ಒಂದು ಹಕ್ಕಿದೆ. ಕೂಗಿದ ರೇಟು ಹಿಡಿಸದಿದ್ದರೆ ಬೇಡ ಎನ್ನಬಹುದು, ಇನ್ನೊಂದು ಸುತ್ತು ಹರಾಜಾಗುತ್ತದೆ. ಆದರೆ ಸಂಜೆಯೊಳಗೆ ಮಾರಿಯೇ ತೀರಬೇಕು. ಬಿಡಿಸಿದ ಗೂಡನ್ನು ವಾಪಸ್ ಮನೆಗೆ ಹೊತ್ತುಕೊಂಡು ಹೋದರೆ ನಾಲ್ಕೈದು ದಿನದಲ್ಲಿ ಚಿಟ್ಟೆ ಕೊರೆದುಕೊಂಡು ಆಚೆ ಬರುತ್ತದೆ, ಕೊರೆದ ಗೂಡಿನಿಂದ ನೂಲು ಬರುವುದಿಲ್ಲ. ಮೂವತ್ತು ವರ್ಷ ಈ ಭಯದಲ್ಲೇ ಬದುಕಿದ ಮನುಷ್ಯ ಪುಟ್ಟಸ್ವಾಮಣ್ಣ. ಅದಕ್ಕೇ ಬೆಳಗ್ಗೆಯೆಲ್ಲ ಮೊದಲ ಸುತ್ತಿನ ರೇಟಿಗೆ ಬಿಗುಮಾನದಿಂದ ಬೇಡ ಬೇಡ ಎನ್ನುತ್ತಿದ್ದವರು, ಮಧ್ಯಾಹ್ನ ಮೂರು ಗಂಟೆಯಾಗುತ್ತಲೇ ಕೈಕಾಲು ಬಿಡುತ್ತಿದ್ದರು. ಒಂದು ದಿನವಂತೂ ಸ್ಕೂಲಿನ ಕಾಂಪೌಂಡಿನ ಹತ್ತಿರ ಬಂದು ನಿಂತಿದ್ದರು, ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ಟವಲ್ಲಿನೊಳಗೆ ಫೋನು, ಫೋನಿನೊಳಗೆ ಮುಖ.

"ಮೇಡಂ, ಬಾಗ್ಲು ಹಾಕಕ್ಕೆ ಅರ್ಧ ಗಂಟೆ ಐತೆ. ಎಲ್ಲಾನೂ ಮಾರ್ಬುಡ್ಲಾ?"

"ಬೇಡ ಅಣ್ಣ. ಒಸಿ ತಡೀರಿ. ಮೇಲೆ ಬರುತ್ತೆ."

ಈ "ತಡೀರಿ" ಎಂಬ ಮಾತನ್ನು ನಾನು ಮೂರು ವಾರ ಹೇಳಿದೆ. ರಫ್ ನೋಟಿನಲ್ಲಿ ನಕ್ಷೆ ಬರೆದು, ಹಿಂದೆ ಬಿದ್ದಾಗಲೆಲ್ಲ ಹೀಗೆ ಎದ್ದಿದೆ ನೋಡಿ ಎಂದು ಪೆನ್ಸಿಲಿನಲ್ಲಿ ತೋರಿಸಿ ಹೇಳಿದೆ. ಮೂರು ವಾರವೂ ಪೇಟೆ ಇಳಿಯಿತು. ಆ ವರ್ಷ ಬಿಸಿಲು ಬೇರೆ, ಸುತ್ತಲಿನ ಬಂಡೆಗಳೆಲ್ಲ ಕಾದು ಸಂಜೆಯಾದರೂ ಊರಿಗೆ ಬಿಸಿ ಉಗುಳುತ್ತಿದ್ದವು. ಜಯಕ್ಕ ಗೋಡೆ ಹಿಡಿದು ನಡೆಯುವ ಸದ್ದು ನನ್ನ ಕೋಣೆಗೆ ಕೇಳುತ್ತಿತ್ತು. ಎರಡು ಮೊಣಕಾಲಿನ ದುಡ್ಡು ಒಂದೂಮುಕ್ಕಾಲು ಮೊಣಕಾಲಿಗೆ ಬಂದು ನಿಂತಿತ್ತು, ಅದಕ್ಕೆ ನನ್ನ ಮಾತೂ ಕಾರಣ. ನನಗೆ ಭಯವಾಯಿತು. ಊಟ ಸೇರುತ್ತಿರಲಿಲ್ಲ. ನನ್ನದೇ ದುಡ್ಡು ಕರಗಿದಾಗ ಹಾಗೆ ಆಗಿರಲಿಲ್ಲ.

ಒಂದು ಶುಕ್ರವಾರ ಪುಟ್ಟಸ್ವಾಮಣ್ಣ ನನ್ನನ್ನು ಕೇಳದೆ ಹದಿನಾಲ್ಕೂ ಕಂಪನಿಗಳನ್ನು ಮಾರಾಟಕ್ಕೆ ಇಟ್ಟುಬಿಟ್ಟರು. ಆದರೆ ಪೇಟೆಯ ರೇಟಿಗಲ್ಲ, ತಮಗೆ ನ್ಯಾಯವೆನಿಸಿದ ರೇಟಿಗೆ. ಇಷ್ಟು ಕೊಟ್ಟರೆ ಕೊಡುತ್ತೇನೆ, ಇಲ್ಲದಿದ್ದರೆ ಎರಡನೇ ಸುತ್ತಿಗೆ ಬನ್ನಿ ಎಂಬ ಗತ್ತು. ಅಷ್ಟು ರೇಟಿಗೆ ಕೊಳ್ಳುವ ಪುಣ್ಯಾತ್ಮ ಯಾರೂ ಹುಟ್ಟಿರಲಿಲ್ಲ. ಮೂರೂವರೆಗೆ ಪೇಟೆ ಮುಚ್ಚಿತು, ಹದಿನಾಲ್ಕೂ ಆರ್ಡರು ರದ್ದಾದವು. ನಾನು ಸ್ಕೂಲಿನಿಂದ ಬಂದಾಗ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು.

"ಲಾಟು ವಾಪಸ್ ಬಂದ್ಬುಡ್ತು ಮೇಡಂ" ಎಂದರು. "ಮೂವತ್ ವರ್ಸದಾಗೆ ಒಂದ್ ದಿನಾನೂ ನಾನು ಮಾಲು ವಾಪಸ್ ತಂದಿರ್ಲಿಲ್ಲ."

ನಗು ಬಂತು, ಆದರೆ ನಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಸೋಮವಾರ ಬಾಗಿಲು ತೆರೆದ ಕೂಡಲೇ ಬಂದಷ್ಟಕ್ಕೆ ಎಲ್ಲವನ್ನೂ ಮಾರಿಬಿಡುತ್ತೇನೆ, ಚಿಟ್ಟೆ ಕೊರೆಯುವ ಮುಂಚೆ ಎಷ್ಟು ಉಳಿದರೆ ಅಷ್ಟೇ ಲಾಭ ಎಂದರು. ನಾನು ನಕ್ಷೆಯ ರಫ್ ನೋಟನ್ನು ಬ್ಯಾಗಿನೊಳಗೇ ಬಿಟ್ಟು ಒಳಗೆ ಹೋದೆ.

ಭಾನುವಾರ ಬೆಳಗ್ಗೆ ಹಿತ್ತಲ ನೆರಳಿನಲ್ಲಿ ಮೂವರೂ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆವು. ಜಯಕ್ಕ ಎತ್ತರದ ಸ್ಟೂಲಿನ ಮೇಲೆ, ನಾವಿಬ್ಬರು ನೆಲದ ಮೇಲೆ. ಅಷ್ಟು ದಿನ ಈ ವಿಷಯಕ್ಕೆ ಬಾಯಿ ಹಾಕದಿದ್ದ ಜಯಕ್ಕ ಅವತ್ತು ಗಂಡನನ್ನು ಕೇಳಿದರು.

"ಅಲ್ಲಾ, ನೀವು ಗೂಡ್ನ ಮಾರ್ಕೆಟ್‌ಗೆ ಹಾಕೋ ಮುಂಚೆ ಏನ್ ಮಾಡ್ತಿದ್ರಿ?"

"ಏನ್ ಮಾಡ್ತಿದ್ದೆ? ಆರಿಸ್ತಿದ್ದೆ. ಜಾಳು ಗೂಡು, ಕರೆ ಹತ್ತಿದ್ದು, ಎಲ್ಲಾ ಬೇರೆ ತೆಗೀತಿದ್ದೆ."

"ಇದನ್ನ ಆರಿಸಿದೀರಾ?"

ಪುಟ್ಟಸ್ವಾಮಣ್ಣ ನನ್ನ ಮುಖ ನೋಡಿದರು. ನಾನು ಹುಣಸೆಹಣ್ಣು ನೋಡಿದೆ. ನಕ್ಷೆ ಬರೆದವಳು ನಾನು, ಹದಿನಾಲ್ಕು ಕಂಪನಿಗಳ ಹೆಸರನ್ನು ಒಂದು ಸಲವೂ ಸಾಲಾಗಿ ಓದಿರಲಿಲ್ಲ.

"ಹೋಗಿ ಕಾಗ್ದ ತತ್ತನ್ನಿ ಮೇಡಮ್ಮ" ಎಂದರು ಜಯಕ್ಕ.

ಒಂದೊಂದು ಕಂಪನಿಯ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದೆ. ಜಯಕ್ಕ ಪಕ್ಕದಲ್ಲಿ ಒಂದು ಮೊರ, ಒಂದು ಹಳೇ ಬಕೆಟ್ಟು ಇಟ್ಟುಕೊಂಡರು. ಚೀಟಿ ಎತ್ತಿ ಹೆಸರು ಓದಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇವ್ರು ಏನ್ ಮಾಡ್ತಾರೆ?"

"ಬ್ಯಾಂಕು" ಎಂದರು ಪುಟ್ಟಸ್ವಾಮಣ್ಣ. ಚೀಟಿ ಮೊರಕ್ಕೆ ಬಿತ್ತು.

"ಇವ್ರು?"

"ಸೋಪು, ಟೂತ್‌ಪೇಸ್ಟು." ಅದೂ ಮೊರಕ್ಕೆ.

"ಇವ್ರು?"

ಪುಟ್ಟಸ್ವಾಮಣ್ಣ ತಲೆ ಕೆರೆದುಕೊಂಡರು. "ಅದು... ಮಹೇಶ ಹೇಳ್ದ."

"ಏನ್ ಮಾಡ್ತಾರೆ ಅಂದೆ."

"ಮೇಲಕ್ ಓಯ್ತದೆ ಅಂದ."

ಚೀಟಿ ಬಕೆಟ್ಟಿಗೆ ಹೋಯಿತು. ಹದಿನಾಲ್ಕರಲ್ಲಿ ಐದು ಕಂಪನಿಗಳು ಏನು ಮಾಡುತ್ತವೆಂದು ಪುಟ್ಟಸ್ವಾಮಣ್ಣನಿಗೆ ತಿಳಿದಿರಲಿಲ್ಲ. ಫೋನಿನಲ್ಲಿ ಹುಡುಕಿ ನೋಡಿದ ಮೇಲೆ ನನಗೂ ತಿಳಿಯಲಿಲ್ಲ. ಎಲ್ಲಕ್ಕಿಂತ ಹೆಚ್ಚು ಬಿದ್ದವು ಆ ಐದೇ. ಮೊರದಲ್ಲಿದ್ದ ಒಂಬತ್ತು ಬಿದ್ದಿದ್ದವು ನಿಜ, ಆದರೆ ಮಾನವಾಗಿ ಬಿದ್ದಿದ್ದವು.

"ಬಕೀಟ್ನಾಗಿರೋದು ಜಾಳು. ಅದನ್ನ ನಾಳೆ ಬಂದಷ್ಟಕ್ಕೆ ಕೊಟ್ಬುಡಿ. ಇನ್ನೊಂದ್ ಸುತ್ತು ಕಾದ್ರೂ ಜಾಳು ಜಾಳೇ" ಎಂದರು ಜಯಕ್ಕ. "ಮೊರ್ದಾಗಿರೋದ್ನ ಯಾಕ್ ಮಾರ್ಬೇಕು?"

"ಮಡಗಿದ್ರೆ ಕೆಟ್ಟೋಯ್ತದಲ್ಲಮ್ಮಿ."

"ನಿಮ್ ಮನೇಲಿ ಕೆಟ್ಟೋಗ್ತಿತ್ತು. ನಮ್ಮಪ್ಪನ್ ಮನೇಲಿ ಕೆಡ್ತಿರ್ಲಿಲ್ಲ. ಹಬೆ ಕೊಟ್ಟು ಒಣಗ್ಸಿ ಮಡಗೋರು. ತಿಂಗಳುಗಟ್ಲೆ ಇರ್ತಿತ್ತು. ನೂಲ್ಗೆ ಒಳ್ಳೆ ರೇಟ್ ಬಂದಾಗ ಬಿಚ್ಚೋರು. ಬ್ಯಾಂಕ್ನಾಗೆ ಯಾವ್ ಚಿಟ್ಟೆ ಐತೆ ಕೊರ್ಯಕ್ಕೆ?"

ನಾನು ಹುಣಸೆಹಣ್ಣು ಕೆಳಗಿಟ್ಟೆ. ಮೂರು ವಾರ ಪೆನ್ಸಿಲು ಸವೆಸಿ ನಾನು ಹೇಳಲಾಗದ್ದನ್ನು ಈ ಹೆಂಗಸು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಮೂವತ್ತು ವರ್ಷ ಮಾರುವ ಕಡೆಯೇ ನಿಂತಿದ್ದ ಪುಟ್ಟಸ್ವಾಮಣ್ಣನಿಗೆ ಕೊಂಡವನು ಆಮೇಲೆ ಏನು ಮಾಡುತ್ತಾನೆಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಮಾವನ ಮೇಲಿನ ಕೋಪವೂ ಅಡ್ಡ ಬಂದಿರಬಹುದು.

"ಹಂಗಾದ್ರೆ ಕಾಲು?" ಎಂದರು. ಅದೇ ಉಳಿದ ಪ್ರಶ್ನೆ. ಏನೂ ಮಾರದೆ ಕೂತರೆ ಆಪರೇಷನ್ ಆಗುವಂತಿಲ್ಲ. ಎಲ್ಲ ಮಾರಿದರೂ ಎರಡಕ್ಕೆ ಸಾಲದು.

"ಜಾಳು ಮಾರಿ. ಅದ್ರ ಮೇಲೆ ಮೊರದಿಂದ ಎಷ್ಟ್ ಬೇಕೋ ಅಷ್ಟೇ ಮಾರಿ. ಒಂದ್ ಕಾಲು ಈಗ ಮಾಡಿಸ್ಕತೀನಿ. ಇನ್ನೊಂದು ಆಮೇಲೆ."

"ಒಂದ್ ಕಾಲು ಮಾಡಿಸ್ಕಂಡು ಕುಂಟ್ಕಂಡ್ ಇರ್ತೀಯಾ?"

"ಈಗ ಎರಡ್ರಲ್ಲೂ ಕುಂಟ್ತಾ ಇಲ್ವಾ?"

ಪುಟ್ಟಸ್ವಾಮಣ್ಣ ಹುಣಸೆಯ ಕೈ ಒರೆಸಿಕೊಂಡು ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು, ಸಕ್ಕರೆ ಇರುವವರಿಗೆ ಒಂದೊಂದಾಗಿ ಮಾಡುವುದೇ ವಾಸಿ, ನಾನೇ ಹೇಳಬೇಕೆಂದಿದ್ದೆ ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಸೋಮವಾರ ನಾನು ಅರ್ಧ ದಿನ ರಜೆ ಹಾಕಿದೆ. ಪುಟ್ಟಸ್ವಾಮಣ್ಣ ಸ್ನಾನ ಮಾಡಿ, ಕೆಂಗಲ್ ಆಂಜನೇಯನಿದ್ದ ದಿಕ್ಕಿಗೆ ಕೈಮುಗಿದು, ಒಂದೊಂದಾಗಿ ಒತ್ತಿದರು. ಜಾಳು ಐದೂ ಹೋದವು, ಒಳ್ಳೆಯದರಲ್ಲಿ ಸ್ವಲ್ಪ ಹೋಯಿತು. ಬಲ ಮೊಣಕಾಲಿನ ದುಡ್ಡು ಕೈಗೆ ಬಂತು. ಯುಗಾದಿಯ ಒಬ್ಬಟ್ಟು ತಿಂದು (ಜಯಕ್ಕನಿಗೆ ಅರ್ಧ ಮಾತ್ರ) ಬೆಂಗಳೂರು ರಸ್ತೆಯ ಆಸ್ಪತ್ರೆಗೆ ಸೇರಿದರು.

ಅವರು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಪೇಟೆ ಒಂದು ದಿನ ದಬಾಲೆಂದು ಬಿತ್ತು, ಅಷ್ಟು ದಿನ ಬಿದ್ದದ್ದೆಲ್ಲ ಏನೂ ಅಲ್ಲ ಎಂಬಂತೆ. ಪುಟ್ಟಸ್ವಾಮಣ್ಣ ಫೋನ್ ಮಾಡಿ, ಸರಿಯಾದ ಹೊತ್ತಿಗೆ ಮಾರಿದೆ ನೋಡಿ ಮೇಡಂ ಎಂದು ಹಿಗ್ಗಿದರು. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿದರು. ಎಡ ಮೊಣಕಾಲು ಇನ್ನೂ ಅದರೊಳಗೇ ಇರುವುದು ಆಗ ನೆನಪಾಗಿತ್ತು. ಈ ಸಲ ತಡೀರಿ ಎಂದು ನಾನು ಹೇಳಲಿಲ್ಲ, ಅವರೇ ಹೇಳಿದರು. "ಒಣಗ್ಸಿ ಮಡಗಿರೋ ಮಾಲು ಅಲ್ವ ಮೇಡಂ, ಇರ್ಲಿ ಬುಡಿ." ಫೋನ್ ಇಡುವ ಮುಂಚೆ ಅದನ್ನೇ ಇನ್ನೆರಡು ಸಲ ಹೇಳಿದರು.

ಭರಣಿ ಮಳೆ ಬಂತು. ಬಂಡೆಗಳು ತಣ್ಣಗಾದವು. ಪೇಟೆಯೂ ಮೆಲ್ಲಗೆ ಎದ್ದು ಕೂತಿತು. ಜಯಕ್ಕ ಹೊಸ ಬಲಗಾಲನ್ನು ಮುಂದಿಟ್ಟು ಹಳೇ ಎಡಗಾಲನ್ನು ಹಿಂದೆ ಎಳೆದುಕೊಂಡು ಹಿತ್ತಲ ತನಕ ಹೋಗಿ ಬೇಸಿನ್‌ನವರಿಗೆ ಬೈದು ಬರುವಷ್ಟಾದರು. ಬೇಸಿಗೆ ರಜೆ ಮುಗಿಸಿ ನಾನು ಊರಿಂದ ವಾಪಸ್ ಬಂದಾಗ ಮೊರದಲ್ಲಿ ಉಳಿದಿದ್ದ ದುಡ್ಡು, ಬೇಸಿನ್ ಬಾಡಿಗೆಯೂ ಸೇರಿ, ಎಡ ಮೊಣಕಾಲಿಗೆ ಸರಿಯಾಗಿ ಸಾಕಾಗುವಷ್ಟು ಆಗಿತ್ತು.

ಆಗ ಮಾರಬೇಕಿತ್ತು. ಮಾರಲಿಲ್ಲ. ಹಸಿರು ಕಂಡ ಕೂಡಲೇ ನಮ್ಮಿಬ್ಬರಿಗೂ ಇನ್ನೊಂದು ರೋಗ ಹತ್ತಿತು. ಇಳಿಯುವಾಗ ಎಲ್ಲ ಮಾರಲು ಓಡುತ್ತಿದ್ದ ಪುಟ್ಟಸ್ವಾಮಣ್ಣ ಈಗ ಜಪ್ಪಯ್ಯ ಅಂದರೂ ಮಾರುವುದಿಲ್ಲ ಎಂದು ಕೂತರು. "ಒಂದ್ ವಾರ ನೋಡಾಣ ಮೇಡಂ." ನಾನೂ ನೋಡೋಣ ಎಂದೆ, ನಾಚಿಕೆಯಿಲ್ಲದೆ. ಹೀಗೇ ಏರಿದರೆ ಎಡಗಾಲಿನ ಜೊತೆಗೆ ಒಂದು ಸೊಂಟವೂ ಬರುತ್ತದೆ ಎಂದು ತಮಾಷೆ ಬೇರೆ. ನಾಲ್ಕು ವಾರ ಹೀಗೆ ಹೋಯಿತು. ಆ ನಾಲ್ಕು ವಾರ ಎಡಗಾಲು ಎಳೆಯುವ ಸದ್ದು ನನ್ನ ಕೋಣೆಗೆ ಕೇಳುತ್ತಲೇ ಇತ್ತು, ಲಾಭ ನೋಡುತ್ತಿದ್ದ ಕಿವಿಗೆ ಅದು ಬೀಳಲಿಲ್ಲ ಅಷ್ಟೆ. ಈಗ ನೆನೆದರೂ ಕೆನ್ನೆ ಬಿಸಿಯಾಗುತ್ತದೆ.

ಒಂದು ಶನಿವಾರ ಮಧ್ಯಾಹ್ನ ಜಯಕ್ಕ ಮನೆಯಲ್ಲಿ ಇರಲಿಲ್ಲ. ಓಣಿಯೆಲ್ಲ ಹುಡುಕಿದೆವು. ಸಂಜೆ ಬಸ್ಸು ಇಳಿದು ಛತ್ರಿಯನ್ನು ಊರಿಕೊಂಡು ಒಬ್ಬರೇ ನಡೆದು ಬಂದರು. ಜಗಲಿಯ ಮೇಲೆ ಕೂತು ನೀರು ಕುಡಿದು, ಬ್ಯಾಗಿನಿಂದ ಆಸ್ಪತ್ರೆಯ ಚೀಟಿ ತೆಗೆದು ಗಂಡನ ಮಡಿಲಿಗೆ ಹಾಕಿದರು.

"ಗುರುವಾರ ಸೇರಿಸ್ಕತಾರಂತೆ. ಸೋಮವಾರ ಮಾರಿ."

"ಇನ್ನೂ ಏರ್ತಾ ಐತಮ್ಮಿ. ಇನ್ನೊಂದ್ ವಾರ..."

"ನಂಗ್ ಬೇಕಾಗಿರೋದು ಒಂದ್ ಕಾಲು. ಅದ್ರ ಕಾಸು ಬಂದು ತಿಂಗ್ಳಾಯ್ತು. ಇನ್ನ ಯಾರ್ ಕಾಲ್ಗೆ ಕಾಯ್ತಾ ಇದೀರಿ ನೀವಿಬ್ರೂ?"

ನೀವಿಬ್ಬರೂ ಎಂದಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಸೋಮವಾರ ಬಾಗಿಲು ತೆರೆದ ಕೂಡಲೇ ಪುಟ್ಟಸ್ವಾಮಣ್ಣ ಉಳಿದದ್ದೆಲ್ಲವನ್ನೂ ಮಾರಿದರು. ಪೇಟೆಯ ರೇಟಿಗೆ, ಮೊದಲ ಸುತ್ತಿನಲ್ಲೇ.

ಆಮೇಲಿನ ವಾರ ಪೇಟೆ ಇನ್ನೂ ಏರಿತು, ಏರದೆ ಬಿಡುತ್ತದೆಯೇ. ನಾನು ಸ್ಕೂಲು ಮುಗಿಸಿ ಆಸ್ಪತ್ರೆಗೆ ಹೋದಾಗ ಅದೇ ಸುದ್ದಿ ಹೇಳಿ ಪುಟ್ಟಸ್ವಾಮಣ್ಣನನ್ನು ಒಂದಿಷ್ಟು ಕಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರಿಬ್ಬರೂ ವಾರ್ಡಿನ ಹೊರಗಿನ ಉದ್ದ ಪಡಸಾಲೆಯಲ್ಲಿದ್ದರು. ಜಯಕ್ಕ ವಾಕರ್ ಹಿಡಿದು ನಡೆಯುತ್ತಿದ್ದರು, ಎರಡು ಹೊಸ ಕಾಲಿನಲ್ಲಿ. ಹಲ್ಲು ಕಚ್ಚಿಕೊಂಡು, ಬೆವತುಕೊಂಡು, ಆದರೆ ನೆಟ್ಟಗೆ. ನಾನು ಅವರನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು, ನನಗಿಂತ ಎತ್ತರವಿದ್ದರು. ಪುಟ್ಟಸ್ವಾಮಣ್ಣ ಒಂದು ಮಾರು ಹಿಂದೆ, ಬೀಳುವ ಮಗುವಿನ ಹಿಂದೆ ನಡೆಯುವವರ ಹಾಗೆ ಎರಡೂ ಕೈ ಮುಂದೆ ಚಾಚಿಕೊಂಡು, ಬಾಯಲ್ಲಿ ಏನೋ ಎಣಿಸುತ್ತ ಬರುತ್ತಿದ್ದರು.

"ಅಣ್ಣ, ನೀವು ಮಾರಿದ ಮೇಲೆ ಎಷ್ಟು ಏರಿದೆ ಗೊತ್ತಾ?" ಎಂದೆ.

"ಸುಮ್ಕಿರಿ ಮೇಡಂ, ಎಣಿಕೆ ತಪ್ಪೋಯ್ತದೆ" ಎಂದರು. ನನ್ನ ಕಡೆ ತಿರುಗಲೂ ಇಲ್ಲ. ಕಣ್ಣು ಹೆಂಡತಿಯ ಪಾದದ ಮೇಲೆಯೇ ಇತ್ತು.

"ಇಪ್ಪತ್ತೊಂದು" ಎಂದರು. "ಇಪ್ಪತ್ತೆರಡು."